ಸಂಬಳದ ಪುಟ ಮಡಚಿಡಿ, ಮೊದಲು ಸೀನಿಯಾರಿಟಿ ನಂಬರ್ ಕೇಳಿ

ಪೈಲಟ್ ಮಗನಿಗೆ ಬೇರೆ ವಿಮಾನ ಕಂಪೆನಿಯಿಂದ ಆಫರ್ ಬಂದಿದೆ ಎಂದು ಕಾಗದ ಹಿಡಿದು ನನ್ನ ಬಳಿ ಬರುವವರು ಮೊದಲು ತೆರೆದು ತೋರಿಸುವುದು ಸಂಬಳದ ಕೋಷ್ಟಕ ಇರುವ ಪುಟ. ನಮ್ಮ ಕಾಸರಗೋಡಿನ ಬದಿಯಡ್ಕದವರಾಗಲಿ, ಉಪ್ಪಳದವರಾಗಲಿ, ಹುಡುಗನ ಜೊತೆ ಒಬ್ಬ ಮಾವನೋ ಭಾವನೋ ಇದ್ದೇ ಇರುತ್ತಾರೆ. ಮಾತೂ ಅವರದ್ದೇ ಹೆಚ್ಚು. "ಈಗ ಸಿಗುವುದಕ್ಕಿಂತ ಮುಕ್ಕಾಲು ಲಕ್ಷ ಜಾಸ್ತಿ ಉಂಟಲ್ಲ ಸಾರ್, ಮತ್ತೆ ಎಂತ ಆಲೋಚನೆ ಮಾಡ್ಲಿಕ್ಕೆ?" ಆಲೋಚನೆ ಮಾಡಲಿಕ್ಕೆ ಇರುವುದು ಆ ಪುಟದಲ್ಲಿ ಬರೆದೇ ಇರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನವರು ಅದೇ ಪುಟ ತೆರೆಯುತ್ತಾರೆ. ಹಾಗಾಗಿ ಒಮ್ಮೆ ಬರೆದೇ ಬಿಡುತ್ತೇನೆ.

ಬ್ಯಾಂಕಿನವನೋ ಸಾಫ್ಟ್‌ವೇರಿನವನೋ ಕಂಪೆನಿ ಬಿಟ್ಟರೆ ಅನುಭವ ಅವನ ಹಿಂದೆಯೇ ಬರುತ್ತದೆ. ಎಂಟು ವರ್ಷ ಮಾಡಿದವನನ್ನು ಹೊಸ ಕಂಪೆನಿಯೂ ಎಂಟು ವರ್ಷದವನೆಂದೇ ತೆಗೆದುಕೊಳ್ಳುತ್ತದೆ. ಕೋ-ಪೈಲಟ್ ವಿಷಯದಲ್ಲಿ ಹೀಗೆ ನಡೆಯುವುದಿಲ್ಲ. ಹಾರಿದ ಗಂಟೆಗಳು ಲಾಗ್‌ಬುಕ್ಕಿನಲ್ಲಿ ಜೊತೆಗೆ ಬರುತ್ತವೆ, ಸೀನಿಯಾರಿಟಿ ಬರುವುದಿಲ್ಲ. ಹೊಸ ಕಂಪೆನಿಯಲ್ಲಿ ಅವನ ಹೆಸರು ಸೀನಿಯಾರಿಟಿ ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. ಮೊನ್ನೆ ತರಬೇತಿ ಮುಗಿಸಿ ಇನ್ನೂರು ಗಂಟೆಯ ಲಾಗ್‌ಬುಕ್ ಹಿಡಿದುಕೊಂಡು ಬಂದ ಹುಡುಗಿ ಇವನಿಗಿಂತ ಒಂದು ವಾರ ಮೊದಲು ಸೇರಿದ್ದರೆ, ಪಟ್ಟಿಯಲ್ಲಿ ಅವಳು ಮೇಲೆ, ಇವನು ಕೆಳಗೆ.

ಪಟ್ಟಿಯಲ್ಲಿ ಎಲ್ಲಿದ್ದರೆ ಏನಾಯಿತು ಎಂದು ಕೇಳುವವರಿದ್ದಾರೆ. ಕಮಾಂಡ್ ಸರದಿ, ಅಂದರೆ ಕೋ-ಪೈಲಟ್‌ನ ಬಲ ಸೀಟಿನಿಂದ ಕ್ಯಾಪ್ಟನ್ ಕೂರುವ ಎಡ ಸೀಟಿಗೆ ಹೋಗುವ ಸರದಿ, ಬರುವುದು ಆ ಪಟ್ಟಿಯ ಪ್ರಕಾರ. ಬೇಸ್ (ಡ್ಯೂಟಿ ಶುರುವಾಗುವ ಊರು) ಬದಲಾವಣೆ, ರಜೆ, ದೊಡ್ಡ ವಿಮಾನಕ್ಕೆ ಹೋಗುವ ಅವಕಾಶ ಎಲ್ಲವೂ ಬಹುತೇಕ ಅದರ ಪ್ರಕಾರವೇ. ಕಂಪೆನಿಗೆ ಕಷ್ಟ ಬಂದು ಜನ ಕಡಿಮೆ ಮಾಡುವಾಗಲೂ ಕತ್ತರಿ ಸಾಮಾನ್ಯವಾಗಿ ಕೆಳಗಿನಿಂದಲೇ ಬರುತ್ತದೆ. ಕ್ಯಾಪ್ಟನ್ ಸಂಬಳ ಕೋ-ಪೈಲಟ್ ಸಂಬಳದ ಎರಡು ಪಟ್ಟಿನ ಹತ್ತಿರ ಇರುವ ವೃತ್ತಿ ಇದು. ಆ ಸೀಟಿಗೆ ಎಂದು ಹೋಗುತ್ತಾನೆ ಎಂಬ ತಾರೀಕಿನ ಮುಂದೆ ಮುಕ್ಕಾಲು ಲಕ್ಷ ಚಿಲ್ಲರೆ.

ಚಿಲ್ಲರೆ ಎಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಲೆಕ್ಕವನ್ನೇ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕಾಗದದಲ್ಲಿರುವುದನ್ನು ಹಾಕಿಕೊಳ್ಳಿ. ಈಗಿನ ಸಂಬಳ ತಿಂಗಳಿಗೆ 3.5 ಲಕ್ಷ, ಹೊಸತು 4.25 ಲಕ್ಷ, ಕ್ಯಾಪ್ಟನ್ ಸಂಬಳ ಎರಡೂ ಕಡೆ 7.5 ಲಕ್ಷ. ಇದ್ದಲ್ಲೇ ಇದ್ದರೆ ಕಮಾಂಡ್ 14 ತಿಂಗಳಲ್ಲಿ, ಹೊಸ ಕಡೆ ಸೇರಿದ ಮೇಲೆ 36 ತಿಂಗಳಲ್ಲಿ. ಇವತ್ತೇ ರಾಜೀನಾಮೆ ಕೊಟ್ಟರೂ ನೋಟಿಸ್ 6 ತಿಂಗಳು. ಹೊಸ ಕಡೆ ಮೊದಲ 4 ತಿಂಗಳು ತರಬೇತಿ, ಆಗ ಸಿಗುವುದು ಮೂಲ ಸಂಬಳ 2 ಲಕ್ಷ ಎಂದಿಟ್ಟುಕೊಳ್ಳಿ. ಸೇರಿದ ದಿನದಿಂದ ಹಳೆಯ ಕಡೆಯ ಕಮಾಂಡ್ ತಾರೀಕಿನವರೆಗೆ ಉಳಿಯುವುದು 8 ತಿಂಗಳು. ಹೆಚ್ಚುವರಿ 75 ಸಾವಿರದಂತೆ ಲಾಭ 6 ಲಕ್ಷ. ಅದರಲ್ಲಿ ತರಬೇತಿಯ 4 ತಿಂಗಳಲ್ಲಿ ಖೋತಾ ಆಗುವ ತಲಾ 2.25 ಲಕ್ಷ ಕಳೆದರೆ, ಅಂದರೆ 9 ಲಕ್ಷ ಕಳೆದರೆ, ಅಲ್ಲಿಗೇ 3 ಲಕ್ಷ ನಷ್ಟ. ಆ ಮೇಲೆ 14ನೇ ತಿಂಗಳಿನಿಂದ 42ನೇ ತಿಂಗಳವರೆಗೆ ಹಳೆಯ ಕಡೆಯಲ್ಲೇ ಉಳಿದ ಸಹಪಾಠಿ ಕ್ಯಾಪ್ಟನ್, ಇವನು ಕೋ-ಪೈಲಟ್. ತಿಂಗಳಿಗೆ 3.25 ಲಕ್ಷ ವ್ಯತ್ಯಾಸ, 28 ತಿಂಗಳಿಗೆ 91 ಲಕ್ಷ. ಒಟ್ಟು 94 ಲಕ್ಷ, ತೆರಿಗೆಗೆ ಮುಂಚೆ. ಮುಕ್ಕಾಲು ಲಕ್ಷ ಜಾಸ್ತಿ ಸಿಗುವ ಕೆಲಸಕ್ಕೆ ತೆತ್ತ ಬೆಲೆ ಇದು.

ಹೊಸ ಕಡೆ 36 ತಿಂಗಳು ಎಂದು ಹಾಕಿದ್ದೇಕೆ, ಅವರು 18 ತಿಂಗಳಲ್ಲಿ ಕೊಡುತ್ತೇವೆ ಎನ್ನುತ್ತಾರಲ್ಲ ಎಂದು ಹುಡುಗರು ವಾದಿಸುತ್ತಾರೆ. ಕೊಟ್ಟಾರು. 18 ಹಾಕಿ ಮತ್ತೆ ಲೆಕ್ಕ ಮಾಡಿ, ಕಮಾಂಡ್ 24ನೇ ತಿಂಗಳಿಗೆ ಬರುತ್ತದೆ, ನಷ್ಟ ಸುಮಾರು 35 ಲಕ್ಷಕ್ಕೆ ಇಳಿಯುತ್ತದೆ. ಲಾಭವಂತೂ ಆಗುವುದಿಲ್ಲ. ಕಮಾಂಡಿಗೆ ಇನ್ನು ಒಂದು, ಒಂದೂವರೆ ವರ್ಷ ಇದೆ ಎನ್ನುವಾಗ ಕೋ-ಪೈಲಟ್ ಕಂಪೆನಿ ಬದಲಿಸುವುದು ಹಿಂಗಾರ ಬಿಚ್ಚುವ ಹೊತ್ತಿಗೆ ಅಡಿಕೆ ಮರ ಕಿತ್ತು ಬೇರೆ ಹೊಂಡದಲ್ಲಿ ನೆಟ್ಟ ಹಾಗೆ. ಆಫರುಗಳು ಹೆಚ್ಚು ಬರುವುದೂ ಅದೇ ಹೊತ್ತಿಗೆ. 1,500 ಗಂಟೆ ದಾಟಿ ಎಟಿಪಿಎಲ್, ಅಂದರೆ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್, ಕೈಗೆ ಬಂದವನು ಎಲ್ಲರಿಗೂ ಬೇಕು.

ಹಾಗಾದರೆ ಬದಲಿಸುವುದು ಯಾವಾಗ? ಸೇರಿ ಒಂದೆರಡು ವರ್ಷದೊಳಗೆ ಬಿಟ್ಟರೆ ಕಳೆದುಕೊಳ್ಳಲು ಸೀನಿಯಾರಿಟಿಯೇ ಇರುವುದಿಲ್ಲ, ತರಬೇತಿಗೆ ಬದಲಾಗಿ ಇಷ್ಟು ವರ್ಷ ಬಿಡುವುದಿಲ್ಲ ಎಂದು ಬರೆದುಕೊಟ್ಟ ಬಾಂಡಿನ ಹಣವೊಂದೇ ತಲೆನೋವು. ಇಲ್ಲವೇ ಕ್ಯಾಪ್ಟನ್ ಆಗಿ, ಅದೇ ಮಾದರಿಯ ವಿಮಾನದಲ್ಲಿ ಪಿಐಸಿ ಗಂಟೆಗಳನ್ನು, ಅಂದರೆ ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆಗಳನ್ನು, ಗಳಿಸಿ ಹೊರಡಬೇಕು. ಆಗ ಹೊಸ ಕಂಪೆನಿ ನೇರವಾಗಿ ಎಡ ಸೀಟಿಗೆ ತೆಗೆದುಕೊಳ್ಳುತ್ತದೆ. ಜಾಹೀರಾತಿನಲ್ಲಿ 500 ಪಿಐಸಿ ಗಂಟೆ ಕೇಳಿದ್ದರೆ, ತಿಂಗಳಿಗೆ 70 ಗಂಟೆ ಹಾರಿದರೂ ಏಳೆಂಟು ತಿಂಗಳು ಬೇಕು. ಅದರ ಮೇಲೆ ಕ್ಯಾಪ್ಟನ್ನಿನ ನೋಟಿಸ್ 12 ತಿಂಗಳು. ಎಲ್ಲ ಸೇರಿ ಎರಡು ವರ್ಷದ ಹತ್ತಿರದ ಯೋಜನೆ, ದೀಪಾವಳಿಗೆ ಮುಂಚೆ ಮುಗಿಸಿಕೊಡಿ ಎಂದರೆ ಆಗಲಿಕ್ಕಿಲ್ಲ.

ಈ ನೋಟಿಸ್ ವಿಷಯದಲ್ಲಿ ನಮ್ಮ ಕಡೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ: ಹಣ ಬಿಸಾಕಿದರೆ ಬಿಡುಗಡೆ. ಬೇರೆ ನೌಕರಿಗಳಲ್ಲಿ ಹೌದು. ಪೈಲಟ್‌ಗಳ ನೋಟಿಸನ್ನು ಕರಾರಿನ ಜೊತೆಗೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವೂ ಹಿಡಿದಿಟ್ಟಿದೆ. 2017ರಲ್ಲಿ ಅದು ಕಮಾಂಡರಿಗೆ, ಅಂದರೆ ಕ್ಯಾಪ್ಟನ್ನಿಗೆ, 12 ತಿಂಗಳು, ಕೋ-ಪೈಲಟಿಗೆ 6 ತಿಂಗಳು ಎಂದು ನಿಗದಿ ಮಾಡಿತು. ಹಳೆಯ ಕಂಪೆನಿಯ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಇಲ್ಲದೆ ಇನ್ನೊಂದು ದೇಶೀ ಕಂಪೆನಿ ಸೇರಿಸಿಕೊಳ್ಳಲು ಹಿಂಜರಿಯುತ್ತದೆ. 2023ರಲ್ಲಿ ಆಕಾಸ ಏರ್‌ನ ಹಲವು ಪೈಲಟ್‌ಗಳು ನೋಟಿಸ್ ಪೂರೈಸದೆ ಹೋದಾಗ ವಿಮಾನಗಳು ರದ್ದಾದವು, ಕಂಪೆನಿ ಮುಂಬಯಿ ಮತ್ತು ದಿಲ್ಲಿ ಹೈಕೋರ್ಟುಗಳ ಮೆಟ್ಟಿಲೇರಿತು. ಪೈಲಟ್ ಸಂಘಟನೆಗಳಿಗೆ ಈ ನಿಯಮದ ಬಗ್ಗೆ ತಕರಾರಿದೆ, ಇದು ಹೀಗೆಯೇ ಇರುತ್ತದೆ ಎಂದು ನಾನು ಬರೆದುಕೊಡುವುದಿಲ್ಲ. ನಿಮ್ಮ ಪ್ರಕರಣಕ್ಕೆ ವಕೀಲರನ್ನೇ ಕೇಳಿ. ಆದರೆ ಮಗನ ಹೆಸರು ಕೋರ್ಟಿನ ಕಾಗದದಲ್ಲಿ ಬರುವುದು ಯಾರಿಗೂ ಬೇಡ. ಕಂಪೆನಿ ಒಪ್ಪಿ ಬೇಗ ಬಿಟ್ಟು, ಉಳಿದ ಅವಧಿಗೆ ಸಂಬಳ ವಸೂಲು ಮಾಡಿದರೆ ಅದರ ಮೇಲೆ ಜಿಎಸ್‌ಟಿ ಕೇಳುವಂತಿಲ್ಲ, 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಬಂದಿದೆ. ಈಗಲೂ ಕೆಲವರ ಲೆಕ್ಕದ ಹಾಳೆಯಲ್ಲಿ ಆ ಸಾಲು ಕಾಣುತ್ತದೆ.

ನೋಟಿಸ್ ಕೊಟ್ಟವನನ್ನು ಸಾಮಾನ್ಯವಾಗಿ ಕಮಾಂಡ್ ತರಬೇತಿಗೆ ಹಾಕುವುದಿಲ್ಲ ಎಂಬುದೂ ಗೊತ್ತಿರಲಿ. ಆರು ತಿಂಗಳ ನಡುವೆ ಮನಸ್ಸು ಬದಲಾಗಿ ರಾಜೀನಾಮೆ ವಾಪಸ್ ಪಡೆದರೂ ತಪ್ಪಿದ ಸರದಿ ಹಾಗೆಯೇ ಸಿಗುವುದೆಂಬ ಖಾತ್ರಿ ಇಲ್ಲ.

ಈಗ ಆ ಸಂಬಳದ ಪುಟಕ್ಕೆ ಬರೋಣ. ಅದರಲ್ಲಿ ದೊಡ್ಡ ಅಕ್ಷರದ ಮೊತ್ತದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ತಿಂಗಳಿಗೆ ಇಷ್ಟು ಹಾರಾಟದ ಗಂಟೆಗಳ ಅಂದಾಜಿನ ಮೇಲೆ. ಅಂದಾಜು ಬೇರೆ, ಹಾರದಿದ್ದರೂ ಹಣ ಸಿಗುವ ಖಾತರಿ ಗಂಟೆ ಬೇರೆ. ಖಾತರಿ 40 ಗಂಟೆ ಇದ್ದು ಮೊತ್ತವನ್ನು 75 ಗಂಟೆಗೆ ಲೆಕ್ಕ ಹಾಕಿದ್ದರೆ, ವಿಮಾನ ರಿಪೇರಿಗೆ ನಿಂತ ತಿಂಗಳು, ಸಿಮ್ಯುಲೇಟರ್ ತರಬೇತಿ ಇರುವ ತಿಂಗಳು, ಜ್ವರ ಬಂದ ತಿಂಗಳು 35 ಗಂಟೆಯ ಹಣ ಹೋಯಿತು. ವಿಸ್ತಾರಾದಲ್ಲಿ 2024ರ ಆರಂಭದಲ್ಲಿ ಖಾತರಿಯನ್ನು 70ರಿಂದ 40ಕ್ಕೆ ಇಳಿಸಿದಾಗ ಪೈಲಟ್‌ಗಳು ಎಷ್ಟು ಅಸಮಾಧಾನಗೊಂಡರು ಎಂಬುದನ್ನು ಆ ಏಪ್ರಿಲ್‌ನಲ್ಲಿ ರದ್ದಾದ ವಿಮಾನಗಳೇ ಹೇಳಿದವು. ಆದ್ದರಿಂದ ಎರಡು ಕಂಪೆನಿಗಳನ್ನು ತೂಗುವಾಗ ಖಾತರಿ ಗಂಟೆಯ ಸಂಬಳವನ್ನೇ ತೂಗಿ. ಅದಕ್ಕೆ ಮೇಲಿನದು ಬಂದರೆ ಬರಲಿ. ಡಿಜಿಸಿಎ ಮಿತಿ 28 ದಿನಕ್ಕೆ 100 ಗಂಟೆ, ವರ್ಷಕ್ಕೆ 1,000 ಗಂಟೆ ಇರುವಾಗ ತಿಂಗಳಿಗೆ 95 ಗಂಟೆ ಹಾರಿಸಿ ಸಾಲ ತೀರಿಸುತ್ತೇನೆ ಎನ್ನುವವನು ವರ್ಷದ ಕೊನೆಯಲ್ಲಿ ಹೇಗೂ ಕೂರಬೇಕಾಗುತ್ತದೆ.

ಬೋಯಿಂಗ್ 737ರವನು ಏರ್‌ಬಸ್ 320ಕ್ಕೆ ಹೋಗುವುದಿದ್ದರೆ ಹೊಸ ಟೈಪ್ ರೇಟಿಂಗ್, ಅಂದರೆ ಆ ಮಾದರಿ ಹಾರಿಸುವ ಅರ್ಹತೆ, ಆಗಬೇಕು: ತರಗತಿ, ಸಿಮ್ಯುಲೇಟರ್, ಪರೀಕ್ಷೆ, ಲೈಸೆನ್ಸಿನಲ್ಲಿ ದಾಖಲೆ, ನಂತರ ತರಬೇತುದಾರನ ಪಕ್ಕ ಕುಳಿತು ಪ್ರಯಾಣಿಕರಿರುವ ವಿಮಾನ ಹಾರಿಸುವ ಹಂತ. ಖರ್ಚು ಯಾರದ್ದು, ಕಂಪೆನಿ ಕೊಟ್ಟರೆ ಬಾಂಡ್ ಎಷ್ಟು ವರ್ಷ, ಬಾಂಡಿನ ಮೊತ್ತ ವರ್ಷ ಕಳೆದಂತೆ ಇಳಿಯುತ್ತದೋ ಕೊನೆಯ ದಿನದವರೆಗೂ ಪೂರ್ತಿ ಉಳಿಯುತ್ತದೋ ಎಂಬುದನ್ನು ಕಾಗದದಲ್ಲಿ ಹುಡುಕಿ. ಸೀನಿಯಾರಿಟಿ ಸೇರಿದ ದಿನದಿಂದಲೋ ಈ ತರಬೇತಿ ಮುಗಿದ ದಿನದಿಂದಲೋ ಎಂದೂ ಕೇಳಿ. ಸಿಮ್ಯುಲೇಟರ್ ಸರದಿಗಾಗಿ ಮೂರು ತಿಂಗಳು ಕಾದವನಿಗೆ ಅಷ್ಟರಲ್ಲಿ ಮೂವತ್ತು ಜನ ಮುಂದೆ ಹೋಗಿರಬಹುದು.

ಕಮಾಂಡ್ ಯಾವಾಗ ಎಂದು ಅಂದಾಜಿಸಲು ಎಚ್‌ಆರ್ ಮಾತು ನಂಬಬೇಡಿ, ವಿಮಾನ ಎಣಿಸಿ. 737, 320ರಂಥ ಒಂದು ಸಣ್ಣ ಜೆಟ್‌ಗೆ ಐದಾರು ಜೋಡಿ ಪೈಲಟ್‌ಗಳು ಬೇಕು, ಅಂದರೆ ಐದಾರು ಕ್ಯಾಪ್ಟನ್‌ಗಳು. ಮುಂದಿನ ವರ್ಷ ನಿಜವಾಗಿ ಎಷ್ಟು ವಿಮಾನ ಬರುತ್ತವೆ, ಅವುಗಳ ಎಡ ಸೀಟಿಗೆ ಹೊರಗಿನಿಂದ ಎಷ್ಟು ಜನರನ್ನು ತರುತ್ತಿದ್ದಾರೆ, ನಿಮ್ಮ ಮುಂದೆ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ, ಈ ಮೂರು ಸಿಕ್ಕರೆ ತಾರೀಕು ಸುಮಾರಾಗಿ ಸಿಗುತ್ತದೆ. ಆರ್ಡರ್ ಕೊಟ್ಟ ವಿಮಾನಗಳ ದೊಡ್ಡ ಸಂಖ್ಯೆಯನ್ನು ಈ ಲೆಕ್ಕದೊಳಗೆ ತರಬೇಡಿ. 2024ರ ಜನವರಿಯಲ್ಲಿ ಅಮೆರಿಕದಲ್ಲಿ 737 ಮ್ಯಾಕ್ಸ್‌ನ ಬಾಗಿಲಿನ ಫಲಕ ಆಕಾಶದಲ್ಲೇ ಕಳಚಿಹೋದ ಮೇಲೆ ಬೋಯಿಂಗ್ ಉತ್ಪಾದನೆಗೆ ಮಿತಿ ಬಿತ್ತು, ಅದಕ್ಕೆ ಕಾದವರೆಲ್ಲ ಕಾದೇ ಕೂತರು. ಕುಂಬಳೆಯ ಕಡೆಯ ಹುಡುಗನೊಬ್ಬ ಸಂದರ್ಶನದಲ್ಲೇ ಈ ಮೂರು ಸಂಖ್ಯೆ ಕೇಳಿ, ಉತ್ತರ ಇಮೇಲಿನಲ್ಲಿ ಬರಲಿ ಎಂದನಂತೆ. ಬರಲಿಲ್ಲ, ಇವನೂ ಹೋಗಲಿಲ್ಲ. ಮನೆಯವರಿಗೆ ಇನ್ನೂ ಬೇಸರ ಇದೆ, ನನಗೆ ಅವನ ಮೇಲೆ ಮೆಚ್ಚುಗೆ ಇದೆ.

ಮಂಗಳೂರು ಅಥವಾ ಕಣ್ಣೂರಿನ ಸಂಪರ್ಕ ನೋಡಿ, ಮನೆಗೆ ಹತ್ತಿರ ಆಗುತ್ತದೆ ಎಂದು ಒಪ್ಪಿಕೊಳ್ಳುವವರೂ ಇದ್ದಾರೆ. ಕರಾರಿನಲ್ಲಿ "ಕಂಪೆನಿಯ ಯಾವುದೇ ಬೇಸ್" ಎಂದಿದ್ದರೆ ಬಾಯಿಮಾತಿಗೆ ಬೆಲೆ ಇಲ್ಲ. ಬೇಸ್ ಕೇಳಿ ಪಡೆಯುವುದೂ ಸೀನಿಯಾರಿಟಿಯ ಮೇಲೆಯೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಬೇಕು. ಕಂಪೆನಿಯೇ ಉಳಿಯದಿದ್ದರೆ ಸೀನಿಯಾರಿಟಿ ನಂಬರಿಗೆ ಮೂರು ಕಾಸಿನ ಬೆಲೆ ಇಲ್ಲ. ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇಯಲ್ಲಿ ಹಾರಾಟ ನಿಲ್ಲಿಸಿದವು. ಗೋ ಫಸ್ಟ್ ನಿಂತಾಗ ಕಣ್ಣೂರಿನ ಗಲ್ಫ್ ಪ್ರಯಾಣಿಕರು ಪಟ್ಟ ಪಾಡು ನಮ್ಮವರಿಗೆ ಗೊತ್ತಿದೆ. ಅಂಥ ಕಂಪೆನಿಯಲ್ಲಿದ್ದರೆ ಮೇಲಿನ ಲೆಕ್ಕ ಬದಿಗಿಟ್ಟು ಹೊರಡಿ. ಆದರೆ ಗಾಳಿಸುದ್ದಿ ಕೇಳಿ ಹೊರಡಬೇಡಿ. ಪಿಎಫ್ ಪಾಸ್‌ಬುಕ್ ತೆರೆದು ತಿಂಗಳ ಕಂತು ಬೀಳುತ್ತಿದೆಯೇ ನೋಡಿ. ಆದಾಯ ತೆರಿಗೆ ಪೋರ್ಟಲ್‌ನ 26ಎಎಸ್ ಎಂಬ ತೆರಿಗೆ ಪಟ್ಟಿಯಲ್ಲಿ, ಸಂಬಳದಿಂದ ಹಿಡಿದ ಟಿಡಿಎಸ್ ನಿಜವಾಗಿ ಜಮೆಯಾಗಿದೆಯೇ ನೋಡಿ. ಕಿಂಗ್‌ಫಿಶರ್ ನೌಕರರಿಗೆ ಈ ಟಿಡಿಎಸ್ಸೇ ಆಮೇಲೆ ಉರುಳಾಯಿತು. ಸಿಮ್ಯುಲೇಟರ್ ತಾರೀಕು ಮತ್ತೆ ಮತ್ತೆ ಮುಂದೂಡುವುದು, ಬಾಡಿಗೆಗೆ ಕೊಟ್ಟವರು ವಿಮಾನ ವಾಪಸ್ ಕೇಳುವುದು, ಸಂಬಳ ಏಳರ ಬದಲು ಇಪ್ಪತ್ತಕ್ಕೆ ಬರುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನಾನು ನೋಟಿಸ್ ಕೊಡಿ ಎಂದೇ ಹೇಳುತ್ತೇನೆ.

ಗಲ್ಫಿನ ಕಂಪೆನಿಯಾದರೆ ಕಾಸರಗೋಡಿನಲ್ಲಿ ಚರ್ಚೆಯೇ ಬೇಡ, ಮನೆಯಲ್ಲಿ ಪಾಯಸ ಆಗಿಬಿಟ್ಟಿರುತ್ತದೆ. ಸಂಬಳಕ್ಕೆ ಯುಎಇಯಲ್ಲಿ ಆದಾಯ ತೆರಿಗೆ ಇಲ್ಲ ಎಂಬುದು ನಿಜ. ಬಿಟ್ಟು ಬರುವಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳದಂತೆ ಗ್ರಾಚ್ಯುಟಿ ಇದೆ. ಆದರೆ ಕೆಲಸಕ್ಕೆಂದು ಹೋಗುವ ವರ್ಷದಲ್ಲಿ ಭಾರತದಲ್ಲಿ 182 ದಿನ ಅಥವಾ ಹೆಚ್ಚು ಇದ್ದರೆ ಆ ವರ್ಷಕ್ಕೆ ನೀವು ಇಲ್ಲಿನ ನಿವಾಸಿ, ಅಲ್ಲಿನ ಸಂಬಳಕ್ಕೂ ಇಲ್ಲಿ ಲೆಕ್ಕ ಕೊಡಬೇಕಾದೀತು. ಸೆಪ್ಟೆಂಬರ್ ಕೊನೆಯ ವಾರ ದಾಟಿ ಹೊರಡುವವರು ಟಿಕೆಟಿಗೆ ಮುಂಚೆ ಸಿಎ ಬಳಿ ಹೋಗಿ. ಅಲ್ಲಿಯೂ ಕೋ-ಪೈಲಟ್ ಸೇರುವುದು ಪಟ್ಟಿಯ ಬುಡಕ್ಕೇ.

ಯಾರೂ ಕೇಳದ ಒಂದು ವಿಷಯ ವಿಮೆ. ವೈದ್ಯಕೀಯ ಕಾರಣಕ್ಕೆ ಲೈಸೆನ್ಸ್ ಹೋದರೆ ಹಣ ಕೊಡುವ ಗುಂಪು ವಿಮೆ ಕೆಲಸ ಬಿಟ್ಟ ದಿನ ಸಾಮಾನ್ಯವಾಗಿ ಮುಗಿಯುತ್ತದೆ. ಹೊಸ ಕಡೆಯದು ಎಂದಿನಿಂದ ಶುರು, ಈಗಾಗಲೇ ಇರುವ ಬಿಪಿ, ಶುಗರ್‌ಗೆ ಅನ್ವಯವೇ ಎಂದು ಬರಹದಲ್ಲಿ ಪಡೆಯಿರಿ. ತೋಟದ ಮೇಲೆ ಸಾಲ ತೆಗೆದು ಓದಿಸಿದ ಮನೆಯಲ್ಲಿ ನಡುವಿನ ಎರಡು ತಿಂಗಳು ವಿಮೆ ಇಲ್ಲದೆ ಇರುವುದು ಸಣ್ಣ ಅಪಾಯವೇನಲ್ಲ.

ಹೊರಡುವುದೇ ನಿಶ್ಚಯವಾದರೆ ರಾಜೀನಾಮೆಗೆ ಮುಂಚೆ ಡಿಜಿಸಿಎಯ ಆನ್‌ಲೈನ್ ಪೋರ್ಟಲ್ ಇಜಿಸಿಎಯ ಲಾಗ್‌ಬುಕ್ಕಿನಲ್ಲಿ ಎಲ್ಲ ಗಂಟೆಗಳನ್ನೂ ಕಂಪೆನಿ ದೃಢೀಕರಿಸಿದೆಯೇ ನೋಡಿಕೊಳ್ಳಿ. ತರಬೇತಿ ದಾಖಲೆ, ಸಿಮ್ಯುಲೇಟರ್ ಪರೀಕ್ಷೆಯ ವರದಿ, ರಾಜೀನಾಮೆ ಸ್ವೀಕರಿಸಿದ ಇಮೇಲ್ ಎಲ್ಲವನ್ನೂ ಸ್ವಂತ ಖಾತೆಗೆ ಕಳಿಸಿಕೊಳ್ಳಿ. ಕೊನೆಯ ದಿನ ಮುಗಿದರೆ ಕಂಪೆನಿಯ ಲಾಗಿನ್ ಮುಚ್ಚುತ್ತದೆ, ಆಮೇಲೆ ಬಾಕಿ ಉಳಿದ ನಲವತ್ತು ಗಂಟೆಯ ದೃಢೀಕರಣಕ್ಕೆ ಫೋನ್ ಮಾಡಿದರೆ ಎತ್ತುವವರು ಸಿಗುವುದು ಕಷ್ಟ.