ಸೊನ್ನೆ ಹಿಡಿಯುವವರು

ಎದೆನೋವೆಂದು ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬರುವವರು ಮೊದಲು ವಿಚಾರಿಸುವುದು ಡಾಕ್ಟರು ಯಾರು ಎಂದು. ಹೃದಯದ ರಕ್ತನಾಳಗಳನ್ನು ಪರೀಕ್ಷಿಸುವ ಕೋಣೆಯಾದ ಕ್ಯಾತ್‌ಲ್ಯಾಬ್‌ನ ಟೆಕ್ನಿಷಿಯನ್ ಯಾರೆಂದು ಕೇಳಿದವರನ್ನು ನಾನು ಕಂಡಿಲ್ಲ. ಚಿಕ್ಕಪ್ಪನಿಗೆ ಆಂಜಿಯೋಗ್ರಾಂ ಆಗುವವರೆಗೆ ನಾನೂ ಕೇಳಿರಲಿಲ್ಲ.

ಮಣಿಕಟ್ಟಿನಿಂದ ಹೃದಯದ ತನಕ ಸಾಗುವ ಕ್ಯಾತಿಟರ್ ಎಂಬ ತೆಳು ಕೊಳವೆ ಸುಮಾರು 2 ಮಿಲಿಮೀಟರ್ ದಪ್ಪ. ಅದರ ಮೂಲಕ ಅಯೋಡಿನ್ ಇರುವ ದ್ರವ ಬಿಟ್ಟಾಗ ರಕ್ತನಾಳಗಳು ಕಪ್ಪು ಕವಲುಗಳಾಗಿ ಪರದೆಯ ಮೇಲೆ ಮೂಡಿ, ಕೆಲವೇ ಕ್ಷಣಗಳಲ್ಲಿ ಮಾಯವಾಗುತ್ತವೆ. ಎಲ್ಲರೂ ಆ ಚಿತ್ರ ನೋಡುತ್ತಿರುವಾಗ ಟೆಕ್ನಿಷಿಯನ್‌ನ ಒಂದು ಕಣ್ಣು ರಕ್ತದೊತ್ತಡದ ಗೆರೆಯ ಮೇಲಿರುತ್ತದೆ.

ಆ ಗೆರೆಯನ್ನು ನಂಬಬೇಕಾದರೆ ಮೊದಲು ಸೊನ್ನೆ ಹಿಡಿಯಬೇಕು. ಕ್ಯಾತಿಟರ್‌ಗೆ ಸಲೈನ್ ತುಂಬಿದ ಕೊಳವೆ, ಕೊಳವೆಗೆ ಒತ್ತಡ ಅಳೆಯುವ ಪುಟ್ಟ ಟ್ರಾನ್ಸ್‌ಡ್ಯೂಸರ್. ಅದನ್ನು ರೋಗಿಯ ಹೃದಯದ ಮಟ್ಟಕ್ಕೇ ನಿಲ್ಲಿಸಿ, ಹೊರಗಾಳಿಗೆ ತೆರೆದು, ಅಲ್ಲಿ ‘ಝೀರೋ’ ಮಾಡುತ್ತಾರೆ. ನಮ್ಮೂರ ಮೇಸ್ತ್ರಿ ನೀರು ತುಂಬಿದ ಪೈಪು ಹಿಡಿದು ಪಾಯದ ಮೂಲೆಗಳ ಮಟ್ಟ ನೋಡುತ್ತಾನಲ್ಲ, ಆ ಭೌತಶಾಸ್ತ್ರವೇ ಇಲ್ಲೂ ಇರುವುದು. ಟ್ರಾನ್ಸ್‌ಡ್ಯೂಸರ್ 10 ಸೆಂಟಿಮೀಟರ್ ಕೆಳಗಿಳಿದರೆ ಒತ್ತಡ 7 ಮಿಲಿಮೀಟರ್ ಪಾದರಸದಷ್ಟು ಹೆಚ್ಚು ಕಾಣುತ್ತದೆ. 120 ಇರುವ ಕಡೆ ಏಳು ಹೆಚ್ಚಾದರೆ ನಡೆದೀತು. ಆದರೆ ಎಡ ಹೃತ್ಕುಕ್ಷಿಯಲ್ಲಿ ರಕ್ತ ತುಂಬಿ ಮುಗಿಯುವ ಹೊತ್ತಿನ ಒತ್ತಡ ಸಾಮಾನ್ಯವಾಗಿ 12ರ ಆಸುಪಾಸು ದಾಟುವುದಿಲ್ಲ. ಅಲ್ಲಿ ಏಳರ ತಪ್ಪು ನುಸುಳಿತೋ, ಗಟ್ಟಿಮುಟ್ಟಾದ ಹೃದಯವೂ ಕಾಗದದ ಮೇಲೆ ಸೋತ ಹೃದಯವಾಗುತ್ತದೆ. ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಅಲೆಯ ಆಕಾರವೇ ಕೆಡುತ್ತದೆ. ಅದು ರಕ್ತನಾಳಕ್ಕೆ ಹೊಕ್ಕರೆ ಇನ್ನೂ ಅಪಾಯ.

ಕ್ಯಾತಿಟರ್‌ನ ತುದಿ ರಕ್ತನಾಳದ ಬಾಯಿಗೆ ಬಿರಡೆಯಂತೆ ಕೂರುವುದುಂಟು. ಚಿತ್ರದಲ್ಲಿ ಅದು ಗೊತ್ತಾಗದಿರಬಹುದು, ಒತ್ತಡದ ಅಲೆ ಮಾತ್ರ ಥಟ್ಟನೆ ಕುಗ್ಗುತ್ತದೆ. ಆ ಗಳಿಗೆಯಲ್ಲಿ ದ್ರವ ಬಿಟ್ಟರೆ ಹೃದಯದ ಲಯ ತಪ್ಪಿ ಪ್ರಾಣಕ್ಕೇ ಸಂಚಕಾರ. “ಸರ್, ಡ್ಯಾಂಪ್” (ಅಲೆ ಕುಗ್ಗಿತು) ಎಂಬ ಟೆಕ್ನಿಷಿಯನ್‌ನ ಕೂಗು ಕೇಳಿದೊಡನೆ ವೈದ್ಯರು ಕ್ಯಾತಿಟರ್ ಹಿಂದಕ್ಕೆಳೆಯುತ್ತಾರೆ.

1929ರಲ್ಲಿ ಜರ್ಮನಿಯ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ರಕ್ತನಾಳದೊಳಗೆ 65 ಸೆಂಟಿಮೀಟರ್ ಕೊಳವೆ ತೂರಿಸಿಕೊಂಡು, ಹಾಗೆಯೇ ಎಕ್ಸ್‌ರೇ ಕೋಣೆಗೆ ನಡೆದು ಹೋದ. ಕೊಳವೆ ಎಲ್ಲಿಗೆ ತಲುಪಿತೆಂದು ಅವನಿಗೆ ಕಾಣುವಂತೆ ಪರದೆಯೆದುರು ಕನ್ನಡಿ ಹಿಡಿದು ನಿಂತವಳು ಒಬ್ಬ ನರ್ಸ್. ಅವನಿಗೆ 1956ರಲ್ಲಿ, ಇನ್ನಿಬ್ಬರ ಜೊತೆ, ನೊಬೆಲ್ ಬಂತು. ಈ ಟೆಕ್ನಿಷಿಯನ್‌ಗಳೆಲ್ಲ ಆ ಕನ್ನಡಿಯವಳ ವಂಶದವರೆಂದೇ ನನ್ನ ಎಣಿಕೆ.

ವಾರ್ಡಿಗೆ ಬಂದ ಮೇಲೆ, ಒಳಗೆ ಏನೇನಾಯಿತು ಚಿಕ್ಕಪ್ಪ ಎಂದು ಕೇಳಿದೆ.

“ವಿಪರೀತ ಚಳಿ ಮಾರಾಯ. ಸೀಸದ ಅಂಗಿ ತೊಟ್ಟ ಹುಡುಗಿಯೊಬ್ಬಳು ನನ್ನ ಎದೆಯ ನೇರಕ್ಕೆ ಬಗ್ಗಿ, ಮಂಚದ ಪಕ್ಕದ ಕಂಬಿಯಲ್ಲಿ ಏನನ್ನೋ ಮೇಲೆ ಕೆಳಗೆ ಸರಿಸುತ್ತಿದ್ದಳು. ಮನೆ ಕಟ್ಟುವಾಗ ನಮ್ಮ ಮೇಸ್ತ್ರಿ ಇಷ್ಟು ನೋಡಿದ್ದರೆ ಅಡುಗೆಮನೆಯ ನೀರು ಜಗುಲಿಗೆ ಹರಿಯುತ್ತಿರಲಿಲ್ಲ” ಎಂದರು.