ಬಿಲ್ ಪಾಸಾಯಿತು, ಬಟವಾಡೆಗೆ ದುಡ್ಡಿಲ್ಲ

ಸರ್ಕಾರಿ ಕಟ್ಟಡದ ಗುತ್ತಿಗೆಗಳಲ್ಲಿ ಸೈಟ್ ನೋಡಿಕೊಳ್ಳುವ ಮ್ಯಾನೇಜರ್‌ಗೆ ಎಷ್ಟು ಕ್ಯೂಬಿಕ್ ಮೀಟರ್ ಕಾಂಕ್ರೀಟ್ ಬಿತ್ತು, ಎಷ್ಟು ಆಳು ಬಂದರು ಎಂಬುದೆಲ್ಲ ಬಾಯಿಪಾಠ. ದುಡ್ಡಿನ ಲೆಕ್ಕ ಬಂದರೆ ಮಾತ್ರ ‘ಅದು ಆಫೀಸಿನವರದ್ದು’ ಎಂದು ಬಿಟ್ಟುಬಿಡುತ್ತಾರೆ. ಕೆಲಸ ಲಾಭದಲ್ಲಿದ್ದರೂ ಶನಿವಾರದ ಬಟವಾಡೆಗೆ ಕೈಸಾಲ ಮಾಡುವ ಪರಿಸ್ಥಿತಿ ಹುಟ್ಟುವುದು ಇಲ್ಲಿಂದಲೇ. ಲಾಭ ಬೇರೆ, ಕೈಯಲ್ಲಿರುವ ಹಣ ಬೇರೆ. ಒಂದು ರನ್ನಿಂಗ್ ಬಿಲ್ (ಕೆಲಸ ನಡೆಯುತ್ತಿರುವಾಗ ಆದಷ್ಟಕ್ಕೆ ಹಾಕುವ ಬಿಲ್) ಬಿಚ್ಚಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

4 ಕೋಟಿ ರೂಪಾಯಿಯ ಕಟ್ಟಡದ ಕೆಲಸ ಎಂದುಕೊಳ್ಳಿ. ಈ ತಿಂಗಳು ಅಳತೆಯಾದದ್ದು 40 ಲಕ್ಷದ ಕೆಲಸ. ಅದರ ಮೇಲೆ ಜಿಎಸ್‌ಟಿ ಶೇ 18, ಅಂದರೆ 7.20 ಲಕ್ಷ. ಒಟ್ಟು ಬಿಲ್ 47.20 ಲಕ್ಷ. ಇನ್ನು ಕಡಿತಗಳು. ಆದಾಯ ತೆರಿಗೆಯ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಶೇ 2ರಂತೆ 80 ಸಾವಿರ (ಗುತ್ತಿಗೆ ಒಬ್ಬರ ಸ್ವಂತ ಹೆಸರಿನಲ್ಲಿದ್ದರೆ ಶೇ 1). ಜಿಎಸ್‌ಟಿ ಟಿಡಿಎಸ್ ಶೇ 2ರಂತೆ ಮತ್ತೆ 80 ಸಾವಿರ. ಕಟ್ಟಡ ಕಾರ್ಮಿಕರ ಸೆಸ್ ಶೇ 1, ಅಂದರೆ 40 ಸಾವಿರ. ಕರಾರಿನಲ್ಲಿ ಭದ್ರತಾ ಠೇವಣಿ ಶೇ 5 ಎಂದಿದ್ದರೆ 2 ಲಕ್ಷ. ಮೊಬಿಲೈಸೇಶನ್ ಅಡ್ವಾನ್ಸ್ (ಕೆಲಸ ಶುರು ಮಾಡಲು ಕೊಡುವ ಮುಂಗಡ) ಪಡೆದಿದ್ದು, ಪ್ರತಿ ಬಿಲ್ಲಿನಲ್ಲಿ ಶೇ 12 ಮುರಿದುಕೊಳ್ಳುವ ಷರತ್ತಿದ್ದರೆ 4.80 ಲಕ್ಷ. ಎಲ್ಲ ಕಳೆದು ಬ್ಯಾಂಕಿಗೆ ಬರುವುದು 38.40 ಲಕ್ಷ.

ಖರ್ಚಿನ ಕಡೆ ನೋಡೋಣ. ಸಿಮೆಂಟ್, ಕಂಬಿ, ಜಲ್ಲಿ 25 ಲಕ್ಷ; ಅದರ ಜಿಎಸ್‌ಟಿ 4.50 ಲಕ್ಷ (ಲೆಕ್ಕ ಸುಲಭವಾಗಲೆಂದು ಎಲ್ಲಕ್ಕೂ ಶೇ 18 ಹಿಡಿದಿದೆ, ಜಲ್ಲಿ, ಮರಳಿಗೆ ದರ ಕಡಿಮೆ). ಕೂಲಿ 8.60 ಲಕ್ಷ, ಯಂತ್ರದ ಬಾಡಿಗೆ ಮತ್ತು ಸೈಟ್ ಖರ್ಚು 2 ಲಕ್ಷ. ಸರ್ಕಾರಕ್ಕೆ ಕಟ್ಟಬೇಕಾದ 7.20 ಲಕ್ಷ ಜಿಎಸ್‌ಟಿಯಲ್ಲಿ ಖರೀದಿಯ ಕ್ರೆಡಿಟ್ (ಸಾಮಾನು ಕೊಳ್ಳುವಾಗಲೇ ಕೊಟ್ಟ ಜಿಎಸ್‌ಟಿ) 4.50 ಲಕ್ಷ, ಟಿಡಿಎಸ್ 80 ಸಾವಿರ ಕಳೆದರೆ ಕೈಯಿಂದ 1.90 ಲಕ್ಷ. ಜಿಎಸ್‌ಟಿ ಬಿಟ್ಟು ಸಾಮಗ್ರಿ, ಕೂಲಿ, ಸೈಟ್ ಖರ್ಚಿಗೆ ಸೆಸ್ ಸೇರಿಸಿದರೆ ಕೆಲಸದ ನಿಜವಾದ ಖರ್ಚು 36 ಲಕ್ಷ, ಲಾಭ 4 ಲಕ್ಷ. ಆದರೆ ಕೈಬಿಟ್ಟು ಹೋಗುವ ಹಣ 29.50, 10.60 ಮತ್ತು 1.90 ಸೇರಿ 42 ಲಕ್ಷ. ಬಂದದ್ದು 38.40 ಲಕ್ಷ. ಪುಸ್ತಕದಲ್ಲಿ 4 ಲಕ್ಷ ಲಾಭ ತೋರಿಸುವ ಅದೇ ಬಿಲ್ಲು ಕೈಯಲ್ಲಿ 3.60 ಲಕ್ಷ ಕೊರತೆ ತರುತ್ತದೆ. ಇಲಾಖೆ ಬಿಲ್ ಪಾಸು ಮಾಡಿದ ದಿನವೇ ಹಣ ಕೊಟ್ಟರೂ ಸ್ಥಿತಿ ಇದೇ. ಎರಡು ತಿಂಗಳು ತಡವಾದರೆ ಏನಾದೀತೆಂದು ಹೇಳಬೇಕಿಲ್ಲ.

ಈ ಕೊರತೆಗೆ ದೊಡ್ಡ ಕಾರಣ ಅಡ್ವಾನ್ಸ್ ಮುರಿತ. ಆರಂಭದಲ್ಲಿ ಬಂದ ಆ ಹಣವನ್ನು ಇನ್ನೊಂದು ಸೈಟಿನ ಹಳೇ ಬಾಕಿಗೆ ಹಾಕಿದವರು ಮೂರನೇ ಬಿಲ್ಲಿಗೆ ಸಿಕ್ಕಿಬೀಳುತ್ತಾರೆ. ಅಡ್ವಾನ್ಸ್ ಎಂಬುದು ಸಾಲ. ಪ್ರತಿ ಬಿಲ್ಲಿನ ಕೊರತೆಯನ್ನು ಮೊದಲೇ ಲೆಕ್ಕ ಹಾಕಿ, ಅಷ್ಟನ್ನು ಅಡ್ವಾನ್ಸ್ ಹಣದಲ್ಲೇ ಉಳಿಸಿಕೊಳ್ಳಬೇಕು. ಇನ್ನು ಜಿಎಸ್‌ಟಿ ಟಿಡಿಎಸ್ ತಾನಾಗಿ ಬರುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವು ಒಪ್ಪಿಕೊಂಡ ಮೇಲೆ ಮಾತ್ರ ಅಲ್ಲಿನ ನಿಮ್ಮ ನಗದು ಲೆಡ್ಜರ್‌ಗೆ (ತೆರಿಗೆ ಕಟ್ಟಲು ಬಳಸುವ ಖಾತೆ) ಸೇರುತ್ತದೆ. ಅಂಗಡಿಯವರ ಇನ್‌ವಾಯ್ಸ್‌ಗೆ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ. ಉದ್ರಿ ಬೆಳೆಸುತ್ತ ಹೋಗುವವರು ಇದನ್ನು ಮರೆಯುತ್ತಾರೆ.

ದುಡ್ಡು ಸೋರುವ ಇನ್ನೊಂದು ಜಾಗ ಕಂಬಿ. ಇಲಾಖೆಯ ಅಳತೆ ಪುಸ್ತಕದಲ್ಲಿ (ಎಂಬಿ) ಕಂಬಿಯ ತೂಕ ಬರೆಯುವುದು ಸೂತ್ರದ ಮೇಲೆ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕೆ.ಜಿ. 12 ಮಿ.ಮೀ. ಕಂಬಿಗೆ 0.89 ಕೆ.ಜಿ. ನೀವು ಕೊಳ್ಳುವುದು ಮಾತ್ರ ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿಯ ಮೇಲೆ. ಕಂಬಿಯ ಭಾರತೀಯ ಮಾನಕ ಐಎಸ್ 1786ರ ಪ್ರಕಾರ 10ಕ್ಕಿಂತ ಹೆಚ್ಚಿನ, 16 ಮಿ.ಮೀ.ವರೆಗಿನ ಕಂಬಿಯ ತೂಕ ಶೇ 5ರಷ್ಟು ಹೆಚ್ಚುಕಡಿಮೆ ಇರಬಹುದು. ಶೇ 4 ಭಾರ ಹೆಚ್ಚಿರುವ 20 ಟನ್ ತಂದರೆ ಬಿಲ್ಲಾಗುವುದು 19.23 ಟನ್ ಮಾತ್ರ. ಟನ್ನಿಗೆ 60 ಸಾವಿರ ಹಿಡಿದರೆ ಸುಮಾರು 46 ಸಾವಿರ ರೂಪಾಯಿ ಒಂದೇ ಲೋಡಿನಲ್ಲಿ ಹೋಯಿತು. ಕಳವಾಯಿತೆಂದು ವಾಚ್‌ಮನ್ ಮೇಲೆ ಅನುಮಾನಪಡುವ ಮೊದಲು ಲಾರಿಯಿಂದ ಒಂದು ಮೀಟರ್ ತುಂಡು ಕತ್ತರಿಸಿ ತೂಗಿ ನೋಡಿ. ತುಂಡುಗಳ ವ್ಯರ್ಥ, ಕಟ್ಟುವ ತಂತಿ ಇವೆರಡಕ್ಕೂ ಸಾಮಾನ್ಯವಾಗಿ ಪ್ರತ್ಯೇಕ ಹಣ ಸಿಗುವುದಿಲ್ಲವಾದ್ದರಿಂದ ದರ ಹಾಕುವಾಗಲೇ ಸೇರಿಸಿರಬೇಕು.

ಕಾಂಕ್ರೀಟಿನೊಳಗೆ ಹೋಗುವ ಕಂಬಿ, ಮಣ್ಣಿನೊಳಗೆ ಹೋಗುವ ಪಾಯ, ಇವುಗಳ ಅಳತೆ ಮುಚ್ಚುವ ಮುನ್ನವೇ ಎಂಬಿಯಲ್ಲಿ ದಾಖಲಾಗಬೇಕು. ‘ನಾಳೆ ಬರೆದುಕೊಡ್ತೀನಿ ಸರ್, ನೀವು ಹಾಕಿಸಿ’ ಎಂದು ಎಂಜಿನಿಯರ್ ಹೇಳಿದರೆ ಎರಡು ಗಂಟೆ ಕಾಯುವುದೇ ಲೇಸು. ಅವರು ವರ್ಗವಾಗಿ ಹೋದ ಮೇಲೆ ಬಂದವರು ಕಣ್ಣಿಗೆ ಕಾಣದ್ದಕ್ಕೆ ಸಹಿ ಹಾಕಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹೆಚ್ಚುವರಿ ಕೆಲಸಕ್ಕೂ ಇದೇ ಮಾತು: ಲಿಖಿತ ಆದೇಶ ಬರುವವರೆಗೆ ಅದಕ್ಕೆ ಹಾಕುವ ಪ್ರತಿ ರೂಪಾಯಿ ನಿಮ್ಮ ಕೈಯದೇ.

ತಿಂಗಳಿಗೊಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆ, ಕೆಲಸ ಮುಗಿಯುವ ಹೊತ್ತಿಗೆ ಖರ್ಚು ಎಷ್ಟಾಗುತ್ತದೆ ಎಂಬುದು. ಇದೇ ಕೆಲಸದ ಒಟ್ಟು ಅಂದಾಜು ಖರ್ಚು 3.60 ಕೋಟಿ. ಇಲ್ಲಿಯವರೆಗೆ ಆದ ಕೆಲಸಕ್ಕೆ ಅಂದಾಜಿನಂತೆ 1.44 ಕೋಟಿ ಆಗಬೇಕಿತ್ತು, ಆದದ್ದು 1.60 ಕೋಟಿ. 1.44ನ್ನು 1.60ರಿಂದ ಭಾಗಿಸಿದರೆ 0.9, ಅಂದರೆ ಒಂದು ರೂಪಾಯಿ ಖರ್ಚಿಗೆ 90 ಪೈಸೆಯ ಕೆಲಸ. ಇದೇ ನಡೆ ಮುಂದುವರಿದರೆ 3.60 ಭಾಗಿಸು 0.9, ಅಂದರೆ 4 ಕೋಟಿ. ಲಾಭ ಪೂರ್ತಿ ಹೋಯಿತು. ಅದು ಗೊತ್ತಾದದ್ದು ಇನ್ನೂ ಶೇ 60 ಕೆಲಸ ಬಾಕಿಯಿರುವಾಗ, ಹಾಗಾಗಿ ಸರಿಪಡಿಸಲು ಸಮಯವಿದೆ. ಈ ಲೆಕ್ಕ ಕೆಡುವುದು ಖರ್ಚನ್ನು ತಪ್ಪಾಗಿ ಹಿಡಿದಾಗ. ಸೈಟಿನಲ್ಲಿ ಬಿದ್ದಿರುವ, ಇನ್ನೂ ಬಳಸದ ಕಂಬಿ ಆದ ಕೆಲಸದ ಖರ್ಚಲ್ಲ. ಮೇಸ್ತ್ರಿಗೆ ಕೊಟ್ಟ ಮುಂಗಡವೂ ಅಲ್ಲ. ಆದರೆ ಬಳಸಿ ಮುಗಿಸಿದ, ಇನ್ನೂ ಹಣ ಕೊಡದ ಜಲ್ಲಿ ಖಂಡಿತ ಖರ್ಚು. ಬ್ಯಾಂಕ್ ಪಾಸ್‌ಬುಕ್ ನೋಡಿ ಖರ್ಚು ಹಾಕುವವರಿಗೆ ಈ ಮೂರೂ ತಲೆಕೆಳಗಾಗಿರುತ್ತವೆ.

ತೆರಿಗೆ ದರ ಬದಲಾದರೆ ಹೊರೆ ಯಾರದ್ದೆಂಬ ಷರತ್ತನ್ನು ಸಹಿಗೆ ಮೊದಲೇ ಓದಿ. 2022ರ ಜುಲೈ 18ರಿಂದ ಇಂಥ ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ತೆರಿಗೆ ಸೇರಿಸಿ ದರ ಹಾಕಿದವರಿಗೆ ಆ ಆರು ಅಂಶ ಲಾಭದ ಬುಡಕ್ಕೇ ಬಿತ್ತು.

ಬ್ಯಾಂಕ್ ಗ್ಯಾರಂಟಿಗಳಿಗೆ (ನಿಮ್ಮ ಪರವಾಗಿ ಬ್ಯಾಂಕ್ ಇಲಾಖೆಗೆ ಕೊಡುವ ಖಾತರಿ) ಒಂದು ಪ್ರತ್ಯೇಕ ಹಾಳೆ ಇರಲಿ: ಮೊತ್ತ, ಮುಗಿಯುವ ತಾರೀಖು, ಕ್ಲೇಮ್ ಅವಧಿ, ಬ್ಯಾಂಕಿನಲ್ಲಿಟ್ಟ ಠೇವಣಿ, ಕಮಿಷನ್. ಕಾಲಾವಕಾಶ ವಿಸ್ತರಣೆ ಕೇಳಿದಾಗಲೆಲ್ಲ ಗ್ಯಾರಂಟಿಯನ್ನೂ ವಿಸ್ತರಿಸಬೇಕಾಗುತ್ತದೆ. ಠೇವಣಿ ಅಷ್ಟು ದಿನ ಬಂದಿಯಾಗಿಯೇ ಇರುತ್ತದೆ. ದೋಷ ಸರಿಪಡಿಸುವ ಅವಧಿ ಮುಗಿಯುವ ತಾರೀಖನ್ನೂ ಅದೇ ಹಾಳೆಯಲ್ಲಿ ಬರೆದಿಟ್ಟು, ಮರುದಿನವೇ ಭದ್ರತಾ ಠೇವಣಿ ವಾಪಸಾತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಿಲ್ಲಿಗೆ ಶೇ 5ರಂತೆ ಹಿಡಿದದ್ದು ಈ ಕೆಲಸದಲ್ಲಿ 20 ಲಕ್ಷ ಆಗಿರುತ್ತದೆ, ಅಂದರೆ ಅಂದಾಜಿನ ಇಡೀ ಲಾಭದ ಅರ್ಧ.