ತೈಲ ಕಡಿಮೆಯಾದರೆ ಕೈತೋಟಕ್ಕೆ ಗೊಬ್ಬರ, ಬೀಜ ಎಲ್ಲಿಂದ?

ಪೆಟ್ರೋಲ್, ಡೀಸೆಲ್ ಪೂರೈಕೆ ಕುಸಿಯುವ ಸುದ್ದಿ ಬಂದಾಗಲೆಲ್ಲ ಮನೆಯಲ್ಲೇ ತರಕಾರಿ ಬೆಳೆಯುವ ಉತ್ಸಾಹ ಗರಿಗೆದರುತ್ತದೆ. ಒಳ್ಳೆಯದೇ. ಆದರೆ ಪ್ಲಾಸ್ಟಿಕ್ ಗ್ರೋಬ್ಯಾಗ್, ದೂರದಿಂದ ಲಾರಿಯಲ್ಲಿ ಬಂದ ಕೋಕೋಪೀಟ್, ಚೀಲದ ಯೂರಿಯಾ, ಪ್ರತಿ ಸಲ ಕೊಂಡು ತರುವ ಹೈಬ್ರಿಡ್ ಬೀಜ, ಇವಿಷ್ಟನ್ನೂ ನೆಚ್ಚಿಕೊಂಡ ಕೈತೋಟವೂ ತೈಲದ ಮೇಲೇ ನಿಂತಿರುತ್ತದೆ. ಸಾಗಣೆ ನಿಂತ ವರ್ಷ ಅದೂ ಸೊರಗುತ್ತದೆ.

ನಿರೀಕ್ಷೆಯೂ ಅಳತೆಯಲ್ಲಿರಬೇಕು. ಹತ್ತಿಪ್ಪತ್ತು ಚದರ ಮೀಟರಿನಲ್ಲಿ ಒಂದು ಮನೆಗೆ ಬೇಕಾದ ಧಾನ್ಯವಾಗಲಿ ಅಡುಗೆ ಎಣ್ಣೆಯಾಗಲಿ ಬೆಳೆಯದು. ಸೊಪ್ಪು, ಟೊಮೆಟೊ, ಮೆಣಸಿನಕಾಯಿ, ಬೀನ್ಸ್ ಧಾರಾಳವಾಗಿ ಸಿಕ್ಕಾವು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಅಲ್ಲಿಂದ ಬರುತ್ತಿದ್ದ ತೈಲ, ರಸಗೊಬ್ಬರ ಎರಡೂ ಬತ್ತಿಹೋದಾಗ ಕ್ಯೂಬಾದ ಜನ ಹವಾನಾ ನಗರದ ಖಾಲಿ ಜಾಗಗಳಲ್ಲಿ ಗಿಡ್ಡ ಗೋಡೆ ಕಟ್ಟಿ, ಮಣ್ಣು ಮತ್ತು ಕಾಂಪೋಸ್ಟ್ ತುಂಬಿ ತರಕಾರಿ ಮಡಿ ಮಾಡಿದರು. ನಗರಕ್ಕೆ ತಾಜಾ ತರಕಾರಿ ಸಿಕ್ಕಿತು. ಗೋಧಿಯನ್ನು ಮಾತ್ರ ಹೊರಗಿನಿಂದಲೇ ತರಿಸಬೇಕಾಯಿತು.

ತರಕಾರಿಗೆ ಮೊದಲು ಕೊರತೆ ಬೀಳುವುದು ಸಾರಜನಕ. ಯೂರಿಯಾದಲ್ಲಿ ಅದು ಶೇ 46ರಷ್ಟಿದೆ. ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಾಗುವುದು ಹೇಬರ್-ಬಾಷ್ ವಿಧಾನದಲ್ಲಿ, ಅದರ ಮೊದಲ ಕಾರ್ಖಾನೆ 1913ರಲ್ಲಿ ಶುರುವಾಯಿತು. ಅಲ್ಲಿ ಸಾರಜನಕವನ್ನು ಗಾಳಿಯಿಂದಲೇ ಹಿಡಿದರೂ ಜೊತೆಗೆ ಬೇಕಾಗುವ ಹೈಡ್ರೋಜನ್ ಇಂದು ಬಹುಪಾಲು ಬರುವುದು ನೈಸರ್ಗಿಕ ಅನಿಲದಿಂದ. 2022ರಲ್ಲಿ ಅನಿಲದ ಬೆಲೆ ಏರಿದಾಗ ಯುರೋಪಿನ ಹಲವು ಅಮೋನಿಯಾ ಕಾರ್ಖಾನೆಗಳು ಉತ್ಪಾದನೆ ಇಳಿಸಿದ್ದು ಇದೇ ಕಾರಣಕ್ಕೆ. ಬೀನ್ಸ್ ಹಾಕಿದರೆ ಮಣ್ಣಿಗೆ ಸಾರಜನಕ ತಾನಾಗಿ ಸೇರುತ್ತದೆ ಎಂದು ಹಲವರು ನಂಬಿರುತ್ತಾರೆ. ಆದರೆ ಅದರ ಬೇರಿನ ಗಂಟುಗಳು ಗಾಳಿಯಿಂದ ಹಿಡಿದ ಸಾರಜನಕದಲ್ಲಿ ಹೆಚ್ಚಿನ ಪಾಲು ಕಾಳಿಗೇ ಹೋಗುತ್ತದೆ. ಕಾಯಿ ಕೊಯ್ದು ತಿಂದ ಮೇಲೆ ಮುಂದಿನ ಬೆಳೆಗೆ ಉಳಿಯುವುದು ಅಲ್ಪ. ಹಾಗಿದ್ದರೂ ಗಿಡವನ್ನು ಕೀಳಬೇಡಿ, ಬುಡದಲ್ಲಿ ಕತ್ತರಿಸಿ ಬೇರನ್ನು ಮಣ್ಣಲ್ಲೇ ಬಿಡಿ.

ಅಡುಗೆಮನೆಯ ಹಸಿ ಕಸ ಒಂದು ಬುಟ್ಟಿಗೆ ತರಗೆಲೆ ಎರಡರಿಂದ ಮೂರು ಬುಟ್ಟಿ, ಹೀಗೆ ಪದರ ಪದರವಾಗಿ ಹಾಕಿದರೆ ಕಾಂಪೋಸ್ಟಿಗೆ ಬೇಕಾದ ಇಂಗಾಲ-ಸಾರಜನಕದ ಹದ, ಅಂದರೆ ಸುಮಾರು 30ಕ್ಕೆ 1, ಬಹುತೇಕ ಕೂಡಿಬರುತ್ತದೆ. ಗುಡ್ಡೆ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದೊಂದು ಮೀಟರ್ ಇದ್ದರೆ ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯೇರಿ ಕಳೆಬೀಜ ಸಾಯುತ್ತವೆ. ಚಿಕ್ಕ ಡ್ರಮ್ಮಿನಲ್ಲಿ ಅಷ್ಟು ಕಾವು ಹುಟ್ಟದು, ಕೊಳೆಯುವುದು ನಿಧಾನ. ಅದಕ್ಕೇ ಬೀಜ ಕಟ್ಟಿದ ಕಳೆಯನ್ನು ಡ್ರಮ್ಮಿಗೆ ಹಾಕಬಾರದು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ನೋಡಿ: ಒಂದೆರಡು ಹನಿ ಬಂದರೆ ತೇವ ಸರಿಯಿದೆ. ಧಾರೆಯಾಗಿ ಇಳಿದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲ. ತಿರುವಿ ಹಾಕಿ ಒಣ ಎಲೆ ಸೇರಿಸಬೇಕು. ಮೂಗಿಗೆ ಅಮೋನಿಯಾ ಹೊಡೆದರೆ ಹಸಿ ಕಸ ಹೆಚ್ಚಾಗಿದೆ, ಸಾರಜನಕ ಗಾಳಿಪಾಲಾಗುತ್ತಿದೆ. ಬಳಸುವಾಗ ಮಡಿಯ ಮೇಲೆ ಎರಡು ಸೆಂಟಿಮೀಟರ್ ದಪ್ಪ ಹರಡಿದರೆ ಚದರ ಮೀಟರಿಗೆ 20 ಲೀಟರ್ ಆಯಿತು.

ಕಾಂಪೋಸ್ಟಿನ ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಎಳೆ ಗಿಡದ ಕೆಳಗಿನ ಎಲೆ ಹಳದಿಯಾಗತೊಡಗಿದಾಗ ತಕ್ಷಣಕ್ಕೆ ಒದಗುವ ಗೊಬ್ಬರ ಮನೆಯಲ್ಲೇ ಇದೆ, ಮೂತ್ರ. ಮುಜುಗರ ಬಿಟ್ಟು ಹೇಳಬೇಕಾದ ಮಾತಿದು, ಏಕೆಂದರೆ ನಾವು ತಿಂದ ಸಾರಜನಕದ ಬಹುಭಾಗ ಹೊರಹೋಗುವುದು ಅದರಲ್ಲೇ. ಒಂದು ಲೀಟರಿಗೆ ಹತ್ತು ಲೀಟರ್ ನೀರು ಬೆರೆಸಿ, ಎಲೆಗೆ ತಾಗದಂತೆ ಬುಡದ ಮಣ್ಣಿಗೆ ಹಾಕಿ ಮೇಲೆ ಮಣ್ಣೆಳೆಯಬೇಕು. ಕೊಯ್ಲಿಗೆ ಒಂದು ತಿಂಗಳು ಮೊದಲೇ ನಿಲ್ಲಿಸಬೇಕು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡವೇ ಬೇಡ. ಸಂಗ್ರಹಿಸುವ ಕ್ಯಾನಿಗೆ ಬಿಗಿ ಮುಚ್ಚಳವಿರಲಿ. ಕುಂಡಗಳಲ್ಲಿ ಉಪ್ಪು ನಿಂತು ಎಲೆಯ ತುದಿ ಸುಡುತ್ತದೆ. ಅಲ್ಲಿ ಅಪರೂಪಕ್ಕೆ ಹಾಕಿ, ನಡುನಡುವೆ ಬರೀ ನೀರು ತಳದ ತೂತಿನಿಂದ ಹರಿಯುವಷ್ಟು ಬಿಡಿ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಚದರ ಮೀಟರಿಗೆ ವರ್ಷಕ್ಕೊಂದು ಹಿಡಿ ಸಾಕು. ಅದನ್ನು ಮೂತ್ರದ ಜೊತೆ ಹಾಕಿದರೆ ಕ್ಷಾರಕ್ಕೆ ಅಮೋನಿಯಾ ಎದ್ದುಹೋಗುತ್ತದೆ.

ನೀರಿನ ಬಗ್ಗೆ ಒಂದೇ ಮಾತು: ಬಿರುಬಿಸಿಲಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್ ಬೇಕು, ಐದಾರು ಸೆಂಟಿಮೀಟರ್ ತರಗೆಲೆ ಹೊದಿಸಿದರೆ ಇದು ಇಳಿಯುತ್ತದೆ. ಕಾಂಡಕ್ಕೆ ತಾಗಿಸಬೇಡಿ, ಬುಡ ಕೊಳೆಯುತ್ತದೆ.

ಬೀಜಕ್ಕೆ ನಾಟಿ ತಳಿಯೇ ಬೇಕು. ಹೈಬ್ರಿಡ್‌ನಿಂದ ತೆಗೆದ ಬೀಜ ತಾಯಿಗಿಡದಂತೆ ಬರದು. ಟೊಮೆಟೊ, ಬೀನ್ಸ್ ಹೆಚ್ಚಾಗಿ ಸ್ವಪರಾಗಸ್ಪರ್ಶದವು, ಅಂದರೆ ತಮ್ಮದೇ ಹೂವಿನ ಪರಾಗದಿಂದ ಕಾಯಿ ಕಟ್ಟುವಂಥವು, ಅಲ್ಲಿಂದಲೇ ಶುರುಮಾಡಿ. ಬೀಜಕ್ಕೆ ಮೊದಲ ಒಳ್ಳೆಯ ಹಣ್ಣುಗಳನ್ನೇ ಗುರುತು ಹಾಕಿ ಬಿಡಬೇಕು. ಪೂರ್ತಿ ಹಣ್ಣಾದ ಟೊಮೆಟೊದ ಬೀಜವನ್ನು ಲೋಳೆಯ ಸಮೇತ ಲೋಟಕ್ಕೆ ಹಾಕಿ, ಚೂರು ನೀರು ಸೇರಿಸಿ ಎರಡು-ಮೂರು ದಿನ ಹುಳಿಯಲು ಬಿಡಿ. ಅದಕ್ಕೂ ಹೆಚ್ಚು ಬಿಟ್ಟರೆ ಲೋಟದಲ್ಲೇ ಮೊಳಕೆಯೊಡೆದೀತು. ತೊಳೆದು, ತೇಲಿದ್ದನ್ನು ಚೆಲ್ಲಿ, ತಳದಲ್ಲಿ ಉಳಿದದ್ದನ್ನು ತಟ್ಟೆಯಲ್ಲಿ ನೆರಳಿಗೆ ಒಣಗಿಸಿ. ಕಾಗದದ ಮೇಲಾದರೆ ಅಂಟಿಕೊಳ್ಳುತ್ತದೆ. ಕುಂಬಳ ಜಾತಿಯಲ್ಲಿ ಜೇನ್ನೊಣ ತಳಿ ಬೆರೆಸಿಬಿಡುತ್ತದೆ. ಅಂಥ ಬೀಜದ ಕಾಯಿ ಕಹಿಯಾಗಿದ್ದರೆ ತಿನ್ನಲೇಬಾರದು, ಅದು ವಿಷ. ಈರುಳ್ಳಿ ಬೀಜದ ಜೀವ ಒಂದೆರಡು ವರ್ಷಕ್ಕೇ ಹೋಗುತ್ತದೆ, ಟೊಮೆಟೊದ್ದು ನಾಲ್ಕು ವರ್ಷ ಬಂದೀತು. ಬಿತ್ತುವ ಮುನ್ನ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಂಟಕ್ಕಿಂತ ಹೆಚ್ಚು ಮೊಳೆತರೆ ನಿಶ್ಚಿಂತೆ, ಐದಾರು ಮೊಳೆತರೆ ಒತ್ತಾಗಿ ಬಿತ್ತಿ, ಆ ಹಂಗಾಮಿನಲ್ಲೇ ಹೊಸ ಬೀಜ ಮಾಡಿಕೊಳ್ಳಿ.